ರಿಜಿಸ್ಟರಿನಲ್ಲಿ ಖಾಲಿ ಉಳಿದ ಸಾಲು

ಅವರೆದುರಿನ ಕುರ್ಚಿಯಲ್ಲಿ ಯಾರೇ ಬಂದು ಕೂತರೂ, ಜೊತೆಗೆ ಬಂದವರು ಮೊದಲು ಎದ್ದು ಹೊರಗೆ ಹೋಗಬೇಕಿತ್ತು. ಗಂಡನಾದರೂ ಸರಿ, ಮಗನಾದರೂ ಸರಿ, ಬ್ಯಾಂಕಿನವರಾದರೂ ಸರಿ. ಹೊರಗೆ ಜಗಲಿಯ ಮೇಲೆ ಒಂದು ಕಲ್ಲಿನ ಬೆಂಚಿತ್ತು. ಅಲ್ಲಿ ಕೂತು ಒಳಗೆ ಇಣುಕಿದರೆ ಬೈಗುಳ ಬೀಳುತ್ತಿತ್ತು. ಆಮೇಲೆ ಅವರು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಮನೆಮಾತಿನಲ್ಲಿ ಓದಿ ಹೇಳುತ್ತಿದ್ದರು. ಓದಿ ಮುಗಿಸಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಈಗ ನಾನು ಓದಿದ್ದನ್ನ ನೀನು ನಂಗೆ ಹೇಳು" ಅನ್ನುತ್ತಿದ್ದರು. ಹೇಳಿದ್ದು ಸರಿಯಾಗಿದ್ದರೆ ಪೆನ್ನು ಕೈಗೆ ಬರುತ್ತಿತ್ತು. ತಪ್ಪಾದರೆ ಇನ್ನೊಂದು ಸಲ ಓದುತ್ತಿದ್ದರು. ಆಗಲೂ ತಪ್ಪಾದರೆ ಅವತ್ತು ಸೀಲಿಲ್ಲ.

ಅವರು ಗುಬ್ಬಿಯಲ್ಲಿ ನೋಟರಿಯಾಗಿದ್ದರು. ಓದಿದ್ದು ವಕೀಲಿಕೆಯೇ. ಆದರೆ ಕೋರ್ಟಿನಲ್ಲಿ ವಾದ ಮಾಡಿದ್ದನ್ನು ನಾನು ಕಂಡಿಲ್ಲ. ಇಂಥವರು ನನ್ನೆದುರು ಬಂದು, ತಿಳಿದು, ಮನಸ್ಸಿದ್ದು ಸಹಿ ಹಾಕಿದ್ದಾರೆ ಎಂದು ಬರೆದು ಸೀಲು ಹಾಕುವುದೇ ಅವರ ಕೆಲಸ. ಅವರ ಮನೆಯ ಮಹಡಿಯಲ್ಲಿ ನಾವು ಆರು ವರ್ಷ ಬಾಡಿಗೆಗಿದ್ದೆವು. ನಮ್ಮ ಯಜಮಾನರು ಅಲ್ಲಿನ ಒಂದು ಬ್ಯಾಂಕಿನಲ್ಲಿ ಸಾಲದ ವಿಭಾಗದ ಆಫೀಸರು. ನಾನು ಕುಣಿಗಲ್ಲಿನ ಕಡೆಯವಳು, ಮನೆ ಬಿಟ್ಟರೆ ಪೂಜೆ, ಪೂಜೆ ಬಿಟ್ಟರೆ ಮನೆ. ಅವರನ್ನು ಲಾಯರ್ ಮಾವ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಅಮ್ಮಣ್ಣಿ ಅನ್ನುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡರು. ಗುಬ್ಬಿಯಿಂದ ಹಳೆಯ ನೆರೆಯವರು ಫೋನ್ ಮಾಡಿದಾಗ ನಾನು ದೇವರ ಪಾತ್ರೆ ತೊಳೆಯುತ್ತಿದ್ದೆ. ತೊಳೆದು ಮುಗಿಸಿದೆ. ಅಳು ಬರಲಿಲ್ಲ. ಅಳುವ ಹಕ್ಕು ಇದ್ದವರಿಗೆ ಅಳು ಬರುತ್ತದೇನೋ.

ನಮ್ಮ ಮೆಟ್ಟಿಲು ಅವರ ಕಿಟಕಿಯ ಪಕ್ಕದಲ್ಲೇ ಹತ್ತುತ್ತಿತ್ತು. ಅವರೆಕಾಯಿ ಕಾಲದಲ್ಲಿ ನಾನು ಮೆಟ್ಟಿಲ ಮೇಲೆ ಕೂತು ಕಾಯಿ ಸುಲಿಯುತ್ತಿದ್ದೆ, ಕಿವಿ ಮಾತ್ರ ಕಿಟಕಿಯ ಒಳಗೆ. ಒಂದು ದಿನ ಒಬ್ಬ ಅಜ್ಜಿಯನ್ನು ಮಗ ಕರೆದುಕೊಂಡು ಬಂದಿದ್ದ. ಮನೆಯ ಖಾತೆ ಮಗನ ಹೆಸರಿಗೆ ಆಗಲು ಅಜ್ಜಿಯ ಒಪ್ಪಿಗೆ ಬೇಕಿತ್ತು. ಮಾವ ಓದಿ ಹೇಳಿದರು. ಕನ್ನಡಕ ತೆಗೆದರು.

"ಏನ್ ಬರ್ದೈತೆ ಹೇಳಜ್ಜಿ."

"ನನ್ ಮಗ ನನ್ನ ಕೊನೇಗಂಟ ನೋಡ್ಕೋತಾನೆ ಅಂತ ಬರ್ದೈತೆ ಕಣಪ್ಪ."

"ಅದೆಲ್ಲಿ ಓದ್ದೆ ನಾನು?"

"ನೀನು ಓದ್ದೆ ಇದ್ರೂ ಅದೇಯ ಬುಡು."

"ಅದನ್ನ ಬರಸ್ಕೊಂಡ್ ಬಾ ಅಂತ ಮಗನಿಗೆ ಹೇಳು. ಆಮೇಲೆ ಹಾಕ್ತೀನಿ."

ಬೆಂಚಿನಿಂದ ಮಗ ಕೂಗಿದ, "ಲಾಯರೇ, ನಿಮಗೆ ಫೀಸ್ ಕೊಡೋನು ನಾನು."

"ಅದಕ್ಕೇ ಕಣಪ್ಪ ನೀನು ಹೊರಗಿರೋದು" ಎಂದರು ಮಾವ, ತಲೆಯೆತ್ತದೆ.

ಆ ಅಜ್ಜಿ ಮತ್ತೆ ಬಂದದ್ದನ್ನು ನಾನು ನೋಡಲಿಲ್ಲ. ಬೇರೆ ಕಡೆ ಸೀಲು ಹಾಕಿಸಿರುತ್ತಾರೆ. ಮಾವನಿಗೂ ಅದು ಗೊತ್ತಿತ್ತು. "ನಾನು ಹಾಕ್ದಿದ್ರೆ ಬೇರೆಯವರು ಹಾಕ್ತಾರೆ, ನಿಜ. ಅವರು ಹಾಕ್ಲಿ" ಅನ್ನುತ್ತಿದ್ದರು.

ಸೀಲು ಒಂದು ಸಣ್ಣ ಮರದ ಡಬ್ಬಿಯಲ್ಲಿರುತ್ತಿತ್ತು. ಅದನ್ನು ಮುಟ್ಟುವ ಮೊದಲು ಎದ್ದು ಹೋಗಿ ಕೈ ತೊಳೆದು, ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡು ಬರುತ್ತಿದ್ದರು. ಇದೇನು ಮಡಿ ಮಾವ ಎಂದು ಒಮ್ಮೆ ಕೇಳಿದೆ. "ಮಡಿ ಅಲ್ಲ ಅಮ್ಮಣ್ಣಿ. ಕೈ ತೊಳೆಯೋಷ್ಟು ಹೊತ್ತು ಸಿಕ್ಕಿದ್ರೆ ಕೂತೋರಿಗೆ ಮನಸ್ಸು ಬದಲಾಯಿಸೋಕೆ ಟೈಮ್ ಸಿಗುತ್ತೆ" ಅಂದರು. ನಿಜವಾಗಿಯೂ ಅವರು ಕೈ ತೊಳೆಯಲು ಹೋದಾಗ ಎದ್ದು ಹೋದವರಿದ್ದಾರೆ. ಒಬ್ಬಳು ಚಪ್ಪಲಿಯನ್ನೂ ಬಿಟ್ಟು ಹೋಗಿದ್ದಳು. ಅದು ಮೂರು ದಿನ ಬಾಗಿಲಲ್ಲೇ ಇತ್ತು. ಅದನ್ನು ನೋಡಿದಾಗಲೆಲ್ಲ ಮಾವ ಖುಷಿಯಾಗಿ ನಶ್ಯ ಏರಿಸುತ್ತಿದ್ದರು.

ಹೆಂಡತಿ ಇಲ್ಲದ ಮನುಷ್ಯ. ಅಡುಗೆ ಮಾಡಿಕೊಳ್ಳುತ್ತಿದ್ದರು, ಅದನ್ನು ಅಡುಗೆ ಎನ್ನುವುದಾದರೆ. ನಾನು ಮಸೊಪ್ಪು ಮಾಡಿದ ದಿನ ಒಂದು ಪಾತ್ರೆ ಕೆಳಗೆ ಹೋಗುತ್ತಿತ್ತು. ಪಾತ್ರೆ ಎಂದೂ ಬರಿದಾಗಿ ಮೇಲೆ ಬರಲಿಲ್ಲ. ತಳದಲ್ಲಿ ಒಂದು ಹಿಡಿ ಸಕ್ಕರೆ ಇರುತ್ತಿತ್ತು.

ಯಜಮಾನರಿಗೂ ಅವರಿಗೂ ಜಗಳವಿರಲಿಲ್ಲ, ವಾದವಿತ್ತು. ಬ್ಯಾಂಕಿನ ಕಾಗದಗಳಿಗೆ ನೋಟರಿಯ ಸೀಲು ಬೇಕು, ನೋಟರಿ ಹತ್ತಿರ ಜನ ಬರಬೇಕು, ಹಳ್ಳಿಯಿಂದ ಬರುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಮಧ್ಯದಲ್ಲಿ ಬ್ರೋಕರುಗಳು ಬೇರೆ. ಒಂದು ಸಂಜೆ ಯಜಮಾನರು ಆ ಬೆಂಚಿನ ಮೇಲೆ ಕೂತೇ ಹೇಳಿದರು.

"ಸಾರ್, ಲೋನ್ ಆಫೀಸರಿಗೇ ಈ ಅಧಿಕಾರ ಕೊಟ್ಟುಬಿಟ್ರೆ ಎಷ್ಟು ಸಲೀಸು ನೋಡಿ. ಬಂದೋರು ಅಲ್ಲೇ ಸಹಿ ಹಾಕ್ತಾರೆ, ಅಲ್ಲೇ ಸೀಲು. ನಾವೇನು ಮೋಸಗಾರರಾ?"

"ನೀವು ಮೋಸಗಾರರು ಅಂತ ಯಾರು ಹೇಳಿದ್ರು? ಒಂದು ಕೇಳ್ತೀನಿ. ಈ ತಿಂಗಳು ನಿಮಗೆ ಎಷ್ಟು ಲೋನ್ ಆಗ್ಬೇಕು?"

ಯಜಮಾನರು ನಕ್ಕರು. "ಆಗ್ಬೇಕಾದ್ರಲ್ಲಿ ಅರ್ಧಾನೂ ಆಗಿಲ್ಲ."

"ಹಂಗಾದ್ರೆ ನಿಮ್ಮೆದುರು ಕೂತೋಳಿಗೆ 'ಇಷ್ಟ ಇಲ್ದಿದ್ರೆ ಎದ್ದು ಹೋಗಮ್ಮ' ಅಂತ ಹೇಳ್ತೀರಾ?"

"ಹೇಳ್ತೀನಿ ಸಾರ್. ಯಾಕೆ ಹೇಳಬಾರ್ದು?"

"ಬಾಯಲ್ಲಿ ಹೇಳ್ತೀರಿ. ಅವಳು ನಿಮ್ಮ ಮುಖ ನೋಡ್ತಾಳೆ. ಮುಖ ಬೇರೆ ಹೇಳ್ತಿರುತ್ತೆ. ಸಾಲ ಆಗ್ಲಿ ಅಂತ ಇರೋನು ಬೆಂಚಲ್ಲಿರ್ಬೇಕು ಸಾರ್. ಸಾಲ ಆದ್ರೂ ಪರವಾಗಿಲ್ಲ, ಆಗದಿದ್ರೂ ಪರವಾಗಿಲ್ಲ ಅನ್ನೋನು ಒಬ್ಬ ಒಳಗಿರ್ಬೇಕು."

ಮೇಲೆ ಬಂದ ಯಜಮಾನರು "ಹಳೇ ಕಾಲದ ಮನುಷ್ಯ" ಅಂದರು. ನನಗೂ ಹಾಗೇ ಅನ್ನಿಸಿತು. ಜನ ಬಿಸಿಲಲ್ಲಿ ಅಲೆಯುವುದು ತಪ್ಪಿದರೆ ಒಳ್ಳೆಯದಲ್ಲವೇ ಎಂದು ಅನ್ನದ ಪಾತ್ರೆ ಇಳಿಸುತ್ತಾ ಹೇಳಿದ್ದು ನೆನಪಿದೆ.

ಇನ್ನು ಗಂಗಮ್ಮನ ವಿಷಯ ಬರೆಯಬೇಕು. ಅದನ್ನು ಬಿಟ್ಟು ಅವರ ಚಿತ್ರ ಬರೆದರೆ ಅದೂ ಒಂದು ಸುಳ್ಳು ಕಾಗದವೇ ಆಗುತ್ತದೆ.

ಗಂಗಮ್ಮ ದಿನಾ ಬೆಳಿಗ್ಗೆ ನನ್ನ ಪೂಜೆಗೆ ಹೂವು ತಂದುಕೊಡುತ್ತಿದ್ದಳು. ಗಂಡ ಸತ್ತವಳು, ಎರಡು ಅಂಕಣದ ಹೆಂಚಿನ ಮನೆ ಅವಳ ಹೆಸರಿನಲ್ಲಿತ್ತು. ಹೆಸರು ಬರೆಯುವಷ್ಟು ಅಕ್ಷರ ಕಲಿತಿದ್ದಳು. ಅಳೆದು ಕೊಟ್ಟ ಮೇಲೆ ಒಂದು ಗೇಣು ಜಾಸ್ತಿ ಬಿಟ್ಟು ಕಿತ್ತು, "ಇದು ನಂದು, ಸ್ವಾಮಿಗೆ" ಅನ್ನುತ್ತಿದ್ದಳು. ಅವಳ ಮೈದುನ ಬಾಡಿಗೆಗೆ ಓಡಿಸಲು ಒಂದು ಸಣ್ಣ ಲಾರಿ ಕೊಳ್ಳಲು ಯಜಮಾನರ ಬ್ಯಾಂಕಿನಲ್ಲಿ ಸಾಲ ಕೇಳಿದ್ದ. ಭದ್ರತೆಗೆ ಗಂಗಮ್ಮನ ಮನೆಯ ಪತ್ರ ಇಟ್ಟಿದ್ದ. ಅದಕ್ಕೆ ತನ್ನ ಒಪ್ಪಿಗೆ ಇದೆ ಎಂದು ಗಂಗಮ್ಮ ಪ್ರಮಾಣಪತ್ರ ಕೊಡಬೇಕಿತ್ತು. ಮೈದುನ ಅವಳ ಸಹಿ ಹಾಕಿಸಿಯೇ ಕಾಗದವನ್ನು ಬ್ಯಾಂಕಿಗೆ ತಂದುಕೊಟ್ಟ. ಅದು ಮಾರ್ಚ್ ತಿಂಗಳ ಕೊನೆಯ ವಾರ. ಯಜಮಾನರು ಊಟಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಮಧ್ಯಾಹ್ನ ಓಡಿ ಬಂದವರು ಕಾಗದವನ್ನು ನನ್ನ ಕೈಗೆ ಕೊಟ್ಟು, "ನಿನ್ನ ಮಾತಂದ್ರೆ ಕೇಳ್ತಾರೆ, ನೀನೇ ಸೀಲು ಹಾಕಿಸ್ಕೊಂಡು ಬಾ. ಗಂಗಮ್ಮಂದೇ ಸಹಿ, ಅನುಮಾನ ಇಲ್ಲ" ಎಂದರು.

ನಾನು ಇಳಿದು ಹೋದೆ. ಸೋಮವಾರ, ಉಪವಾಸವಿದ್ದೆ, ಹಣೆಯಲ್ಲಿ ವಿಭೂತಿ ಇತ್ತು.

ಮಾವ ಕಾಗದ ನೋಡಿದರು. ಸಹಿಯ ಪಕ್ಕ ಒದ್ದೆ ಬೆರಳಿನ ಕಲೆ ಇತ್ತು.

"ಇದೇನಿದು?"

"ಹೂವಿನ ಕೈ ಮಾವ. ಒದ್ದೆ ಇತ್ತು."

"ಅವಳೆಲ್ಲಿ?"

"ಸಂತೆಗೆ ಹೋದ್ಲು. ಸಹಿ ನನ್ನೆದುರಿಗೇ ಹಾಕಿದ್ದು."

"ಓದಿ ಹೇಳಿದ್ರಾ?"

"ಹೇಳಿದ್ರು."

ಸಂತೆ, ಸಹಿ, ಓದಿದ್ದು, ಮೂರೂ ಸುಳ್ಳು. ಗಂಗಮ್ಮನನ್ನು ನಾನು ಅವತ್ತು ಬೆಳಗಿನ ಮೇಲೆ ನೋಡಿಯೇ ಇರಲಿಲ್ಲ. ಮಾವ ನನ್ನ ಮುಖವನ್ನೇ ನೋಡಿದರು. "ನೀನು ದೇವರ ದೀಪ ಹಚ್ಚೋಳು. ನೀನು ಹೇಳಿದ್ಮೇಲೆ ಆಯ್ತು" ಎಂದು ಎದ್ದು ಹೋಗಿ ಕೈ ತೊಳೆದು ಬಂದರು. ಅವರು ಕೈ ತೊಳೆಯುವಷ್ಟು ಹೊತ್ತು ನನಗೂ ಸಿಕ್ಕಿತ್ತು. ನಾನು ಏಳಲಿಲ್ಲ. ಸೀಲು ಬಿತ್ತು. ರಿಜಿಸ್ಟರಿನಲ್ಲಿ ಗಂಗಮ್ಮನ ಹೆಸರು ಬರೆದು, ಅವಳು ಸಹಿ ಹಾಕಬೇಕಾದ ಜಾಗ ಖಾಲಿ ಬಿಟ್ಟು, "ನಾಳೆ ಹೂವು ಕೊಡೋಕೆ ಬಂದಾಗ ಐದು ನಿಮಿಷ ಕಳಿಸು" ಅಂದರು.

ಯಜಮಾನರು ಅಂದಿದ್ದು ಅವತ್ತು ಆಗಿಹೋಯಿತು. ಸಾಲ ಕೊಡುವವರೇ ನೋಟರಿಯಾದರು, ಸೀಲು ಹಿಡಿದ ಕೈ ಮಾತ್ರ ಮಾವನದು.

ಮರುದಿನ ಗಂಗಮ್ಮ ಬಂದಳು. ಹೂವು ಅಳೆದಳು, ಗೇಣು ಜಾಸ್ತಿ ಕೊಟ್ಟಳು. ಕೆಳಗೆ ಹೋಗಿ ಬಾ ಎಂದು ಹೇಳಲು ಬಾಯಿ ತೆರೆದೆ. ಹೋದರೆ ಅವರು ಓದುತ್ತಾರೆ, ಓದಿದರೆ ತಿರುಗಿ ಹೇಳಿಸುತ್ತಾರೆ ಎಂದು ನೆನಪಾಯಿತು. "ಕನಕಾಂಬರ ಇಲ್ವೇನೆ?" ಅಂದೆ. ಅದರ ಮರುದಿನವೂ ಹೇಳಲಿಲ್ಲ. ಮಾವ ಎರಡು ಸಲ ಕೇಳಿದರು. "ಆ ಗಂಗಮ್ಮ ಬರ್ಲಿಲ್ವಲ್ಲ ಅಮ್ಮಣ್ಣಿ." "ಬರ್ತಾಳೆ ಮಾವ." ಮೂರನೆಯ ಸಲ ಕೇಳುವ ಮುಂಚೆ ನಮಗೆ ತುಮಕೂರಿಗೆ ವರ್ಗವಾಯಿತು. ಸಾಮಾನು ಲಾರಿಗೆ ಹಾಕುವಾಗ ಅವರು ನನ್ನ ಪಾತ್ರೆಯೊಂದನ್ನು ತಂದುಕೊಟ್ಟರು. ತಳದಲ್ಲಿ ಸಕ್ಕರೆ ಇತ್ತು.

ಎರಡು ವರ್ಷದ ಮೇಲೆ ಮೈದುನ ಲಾರಿಯನ್ನೂ ಮಾರಿಕೊಂಡು ಊರು ಬಿಟ್ಟ. ಗಂಗಮ್ಮನ ಬಾಗಿಲಿಗೆ ನೋಟೀಸು ಅಂಟಿತು. ಅವಳು ಅದನ್ನು ಕಿತ್ತುಕೊಂಡು ಹೋಗಿ ಯಾರಿಗೋ ತೋರಿಸಿ, ಕೊನೆಗೆ ಸೀಲಿನ ಮೇಲೆ ಹೆಸರಿದ್ದ ಮಾವನ ಹತ್ತಿರವೇ ಬಂದಳಂತೆ. ಇದನ್ನು ಅವರೇ ನನಗೆ ಹೇಳಿದ್ದು. ಒಂದು ಬೆಳಿಗ್ಗೆ ರಿಜಿಸ್ಟರನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಬಸ್ಸು ಹತ್ತಿ ನಮ್ಮ ತುಮಕೂರಿನ ಮನೆಗೆ ಬಂದರು. ಕಾಫಿ ಬೇಡ ಅಂದರು. ಯಜಮಾನರ ಕಡೆ ತಿರುಗಿ, "ಸಾರ್, ನೀವು ಸ್ವಲ್ಪ ಹೊರಗಿರಿ" ಅಂದರು. ತಮ್ಮ ಮನೆಯಲ್ಲೇ ಯಜಮಾನರು ಎದ್ದು ಹೊರಗೆ ಹೋದರು.

"ನಾನು ನಿಮ್ಮೆದುರಿಗೆ ಬಂದು ಕೂತಿದ್ದು ಯಾವಾಗ ಸ್ವಾಮಿ ಅಂತ ಗಂಗಮ್ಮ ಕೇಳಿದ್ಲು ಅಮ್ಮಣ್ಣಿ. ನಾನು ಇದನ್ನ ತೆಗೆದು ನೋಡ್ದೆ." ರಿಜಿಸ್ಟರು ಬಿಚ್ಚಿ ಆ ಸಾಲು ತೋರಿಸಿದರು. ಮೇಲೆ ಸಹಿ, ಕೆಳಗೆ ಸಹಿ, ನಡುವೆ ಅದೊಂದು ಸಾಲು ಖಾಲಿ. "ಮೈದುನ ಏನು ಅಂತ ಹೇಳಿ ಸಹಿ ಹಾಕಿಸ್ಕೊಂಡನಂತೆ ಗೊತ್ತಾ? ನಂಗೊಂದು ಸಾಕ್ಷಿ ಸಹಿ, ಅಷ್ಟೇ ಅಂತ. ಬಾಗಿಲಲ್ಲಿ ಹೂವು ಕಟ್ತಾ ಕೂತಿದ್ಲಂತೆ."

ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಿನ್ನೆದುರಿಗೆ ಹಾಕಿದ್ದಾ?"

"ಇಲ್ಲ ಮಾವ."

"ಸರಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಬಂದು ಹೇಳ್ಬೇಕಾ?" ಎಂದು ಕೇಳಿದೆ.

"ಹೇಳಿದ್ರೆ ಅವಳಿಗೆ ಅನುಕೂಲ. ಕಾಗದ ಬ್ಯಾಂಕಿನ ಕಡೆಯಿಂದಲೇ ಬಂತು, ಅವಳಿಗೆ ಗೊತ್ತಿಲ್ಲದೆ ಬಂತು ಅಂತಾಗುತ್ತೆ. ನಿಮ್ಮ ಯಜಮಾನ್ರಿಗೆ ಕಷ್ಟ ಆಗುತ್ತೆ. ನಾನು ಬಲವಂತ ಮಾಡಲ್ಲ. ಬಲವಂತಕ್ಕೆ ಹೇಳಿಸಿದ್ದು ಪ್ರಮಾಣ ಅಲ್ಲ ಅಂತ ಜನ್ಮ ಪೂರ್ತಿ ಹೇಳ್ಕೊಂಡು ಬಂದೋನು ನಾನು."

ಯಜಮಾನರ ನಿವೃತ್ತಿಗೆ ಆಗ ಎರಡು ವರ್ಷವಿತ್ತು. ನಾನು ಹೋಗಲಿಲ್ಲ.

ಮಾವ ಕೋರ್ಟಿಗೆ ಹೋದರು. ಈ ಹೆಂಗಸು ನನ್ನೆದುರು ಬಂದಿಲ್ಲ, ನಾನು ಬರೆದದ್ದು ಸುಳ್ಳು ಎಂದು ತಮ್ಮ ಮೇಲೆ ತಾವೇ ಹೇಳಿಕೆ ಕೊಟ್ಟರು. ಕಾಗದ ತಂದುಕೊಟ್ಟವರು ಯಾರು ಎಂದು ಕೇಳಿದಾಗ "ನೆನಪಿಲ್ಲ" ಅಂದರಂತೆ. ಅಲ್ಲಿದ್ದ ಗಂಗಮ್ಮನ ವಕೀಲರು ಆಮೇಲೆ ಇದನ್ನು ಹೇಳಿದರು. ಇಪ್ಪತ್ತು ವರ್ಷದ ಹಿಂದೆ ಬಂದವರ ಮುಖವನ್ನೂ ಮರೆಯದ ಮನುಷ್ಯ. ನನಗೆ ಗೊತ್ತಿದ್ದ ಹಾಗೆ ಅವರು ಬಾಯಿಬಿಟ್ಟು ಹೇಳಿದ ಸುಳ್ಳು ಅದೊಂದೇ, ಅದೂ ನನ್ನ ಸಲುವಾಗಿ. ಯಾರೂ ಕಿತ್ತುಕೊಳ್ಳುವ ಮೊದಲೇ ಸೀಲನ್ನು ಡಬ್ಬಿಯ ಸಮೇತ ವಾಪಸ್ಸು ಕೊಟ್ಟರು.

ಅದರಿಂದ ಗಂಗಮ್ಮನಿಗೆ ಏನೂ ಆಗಲಿಲ್ಲ. ಸಹಿ ಅವಳದೇ, ಅವಳೇ ಒಪ್ಪಿದ್ದಾಳೆ, ಸಾಲಗಾರ ಕೊಟ್ಟ ಕಾಗದವನ್ನು ಬ್ಯಾಂಕು ನಂಬಿತ್ತು ಎಂದಾಯಿತು. ಮನೆ ಹರಾಜಾಯಿತು. ಕೊಂಡವರು ಹೆಂಚು ಇಳಿಸಿ ಮೇಲೆ ಮಹಡಿ ಕಟ್ಟಿದರು. ಗಂಗಮ್ಮ ಕುಣಿಗಲ್ಲಿನ ತಂಗಿಯ ಮನೆಗೆ ಹೋದಳು.

ದೀಪ ಹಚ್ಚುವಾಗ ಆ ದಿನ ದೇವರು ಕೊಟ್ಟ ಒಳ್ಳೆಯದನ್ನು ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಮಂಡಿ ನೋವು ಕಡಿಮೆ ಇತ್ತು, ಮಗಳು ಫೋನ್ ಮಾಡಿದಳು. ಅಷ್ಟು ಸಾಕು ಎಂದು ಕೈ ಮುಗಿಯುತ್ತೇನೆ. ಆ ವರ್ಷಗಳಲ್ಲಿ ಎಣಿಸಲು ಕೂತರೆ ಪಿಂಚಣಿ ಬಂತು ಎನ್ನುವಲ್ಲಿಗೆ ನಾಲಿಗೆ ನಿಲ್ಲುತ್ತಿತ್ತು. ಎಡೆಯೂರಿನ ಸ್ವಾಮಿಯ ಮುಂದೆ ನಿಂತರೂ ಅಷ್ಟೇ. ನನ್ನ ಮುಖ ಬೇರೆ ಹೇಳುತ್ತಿರುತ್ತದೆ ಎಂದು ಅವನಿಗೆ ಗೊತ್ತಿರುವುದಿಲ್ಲವೇ?

ಮಾವ ಹೋದ ಸುದ್ದಿ ಬಂದ ಮೇಲೆ ಯಜಮಾನರಿಗೆ ಹೇಳಿದೆ, ನಡೆದದ್ದನ್ನು ಬರೆದುಕೊಡುತ್ತೇನೆ ಎಂದು.

"ಈಗ ಬರೆದು ಯಾರಿಗೆ ಏನು ಸಿಗುತ್ತೆ ಕಣೇ?"

"ಏನೂ ಸಿಗಲ್ಲ."

ಮರುದಿನ ಯಜಮಾನರು ಹೊರಗೆ ಹೋಗಿ ಬರುವಾಗ ಛಾಪಾ ಕಾಗದ ತಂದು ದೇವರ ಮನೆಯ ಬಾಗಿಲಲ್ಲಿ ಇಟ್ಟರು. ಅವತ್ತಿನ ಲೆಕ್ಕಕ್ಕೆ ಅದೊಂದು ಸಿಕ್ಕಿತು.

ತುಮಕೂರಿನಲ್ಲಿ ಜೆರಾಕ್ಸ್ ಅಂಗಡಿಯ ಪಕ್ಕ ಕೂರುವ ನೋಟರಿಯೊಬ್ಬರ ಹತ್ತಿರ ಹೋದೆ. ಮೂರೂ ಸುಳ್ಳುಗಳನ್ನು ಬರೆದಿದ್ದೆ, ಗಂಗಮ್ಮನನ್ನು ಕೆಳಗೆ ಕಳಿಸದೆ ಇದ್ದದ್ದನ್ನೂ, ಮಾವ ನನ್ನ ಹೆಸರು ಹೇಳದೆ ಹೋದದ್ದನ್ನೂ ಬರೆದಿದ್ದೆ. ಅವರು ಫೋನಿನಲ್ಲಿ ಮಾತಾಡುತ್ತಲೇ ಕೊನೆಯ ಪುಟ ತೆಗೆದು, ಸಹಿ ಇದೆಯೇ ಎಂದು ನೋಡಿ, ಸೀಲು ಹಾಕಿದರು.

"ಸ್ವಾಮಿ, ಒಂದ್ಸಲ ಓದಲ್ವಾ?" ಅಂದೆ.

"ಸೀಲು ಬಿತ್ತಲ್ಲಮ್ಮ" ಎಂದು ಫೀಸಿಗೆ ಕೈ ಮುಂದಕ್ಕೆ ಚಾಚಿದರು. ಹಿಂದೆ ನಿಂತವರು ಅದಾಗಲೇ ಕಾಗದ ನೀಡಿದ್ದರು.

ಅದನ್ನು ತೆಗೆದುಕೊಂಡು ಗಂಗಮ್ಮನ ವಕೀಲರನ್ನು ಕಂಡೆ. ಅವರು ಮಾತ್ರ ಪೂರ್ತಿ ಓದಿದರು. "ಆಗ ಬಂದಿದ್ರೆ ಒಂದು ದಾರಿ ಇತ್ತು. ಈಗ ಎಲ್ಲಾ ಮುಗಿದೋಯ್ತು ತಾಯಿ" ಎಂದು ಮಡಿಸಿ ವಾಪಸ್ಸು ಕೊಟ್ಟರು. ಅಲ್ಲಿಂದ ಕುಣಿಗಲ್ ಬಸ್ಸು ಹತ್ತಿದೆ.

ಗಂಗಮ್ಮ ತಂಗಿಯ ಮನೆಯ ಜಗಲಿಯಲ್ಲಿ ಹೂವು ಕಟ್ಟುತ್ತಾ ಕೂತಿದ್ದಳು. "ಅಯ್ಯೋ ಅಕ್ಕ, ಈ ಕಡೆ" ಎಂದು ಕೈ ಒರೆಸಿಕೊಂಡು ಮಣೆ ಹಾಕಿದಳು. ಅವಳ ತಂಗಿ ನೀರು ತಂದಳು. ನೀರು ಕುಡಿದು, "ನೀನು ಸ್ವಲ್ಪ ಹೊರಗಿರವ್ವ" ಅಂದೆ. ತಂಗಿ ಒಂಥರಾ ನೋಡಿ ಬೀದಿಗಿಳಿದಳು. ಕಾಗದ ತೆಗೆದು ಮೊದಲಿನಿಂದ ಕೊನೆಯವರೆಗೆ ಮನೆಮಾತಿನಲ್ಲಿ ಓದಿದೆ. ನಿಧಾನಕ್ಕೇ ಓದಿದೆ. ಅವಳ ಕೈ ಮೊದಲು ಹೂವು ಕಟ್ಟುತ್ತಿತ್ತು, ಆಮೇಲೆ ನಿಂತಿತು.

"ಈಗ ನಾನು ಓದಿದ್ದನ್ನ ನೀನು ನಂಗೆ ಹೇಳು ಗಂಗಮ್ಮ."

ಅವಳು ನನ್ನ ಮುಖ ನೋಡಿದಳು.

"ನಾನು ನಿಮ್ಮೆದ್ರಿಗೆ ಹಾಕ್ದೇ ಇದ್ದ ಸಹೀನ ಹಾಕಿದ್ಲು ಅಂದ್ರಿ. ನಾನು ದಿನಾ ಬತ್ತಿದ್ರೂವೆ ಕೆಳಕ್ಕೆ ಹೋಗು ಅನ್ಲಿಲ್ಲ. ನಿಮ್ ಯಜಮಾನ್ರ ಕೆಲ್ಸ ಉಳೀತು. ನನ್ ಮನೆ ಹೋಯ್ತು. ಆ ಲಾಯರಪ್ಪ ನಿಮ್ ಹೆಸ್ರು ಹೇಳ್ದೇನೇ ಸತ್ತೋದ್ರು." ಕೊನೆಗೆ ಕೇಳಿದಳು, "ಸರಿಯಾಗಿ ಹೇಳಿದ್ನಾ?"

"ಸರಿಯಾಗಿ ಹೇಳ್ದೆ."

ಕೆಲಸ ಉಳಿಯಿತು ಎನ್ನುವುದು ನಾನು ಬರೆದದ್ದರಲ್ಲಿ ಇರಲಿಲ್ಲ. ಅದನ್ನು ಅವಳೇ ಸೇರಿಸಿದ್ದು. ಅದೂ ಸರಿಯೇ ಇತ್ತು.

ಅವಳು ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನಾನು ಅದನ್ನು ಮಣೆಯ ಮೇಲಿಟ್ಟು, ಗಾಳಿಗೆ ಹಾರದಂತೆ ನೀರಿನ ಲೋಟವನ್ನು ಅದರ ಮೇಲೆ ಇಟ್ಟೆ. "ಬಸ್ಸು ಸಿಕ್ಕಲ್ಲ ಆಮೇಲೆ, ಹೋಗಿ" ಅಂದಳು. ಅವಳ ಬೆರಳು ಮತ್ತೆ ದಾರ ಹುಡುಕುತ್ತಿತ್ತು. ಅವತ್ತು ಅವಳು ಹೂವು ಕೊಡಲಿಲ್ಲ, ನಾನು ಕೇಳಲಿಲ್ಲ. ಸಂಜೆ ಮನೆಗೆ ಬಂದು ಸ್ವಾಮಿಗೆ ಬರಿಯ ದೀಪ ಹಚ್ಚಿದೆ.